ತಿರುಗುವ ಮಂಚ

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಂಚ, ಅದೂ ತಿರುಗುತ್ತಿತ್ತು. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಾನೇ ಎಷ್ಟೋ ಸಲ ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿ, ಇದು ನಡೆದದ್ದೋ ಅಥವಾ ನಾನು ಹೇಳಿ ಹೇಳಿ ಆದದ್ದೋ ಎಂದು ತಲೆ ಕೆರೆದುಕೊಂಡಿದ್ದೇನೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದುವಾಗ ನನಗೆ ಕಲಿಸಿದ ಮೊದಲ ಪಾಠ, ಎರಡು ಅಳತೆಗಳು ಒಂದಕ್ಕೊಂದು ಒಪ್ಪದಿದ್ದರೆ ಎರಡನ್ನೂ ಅನುಮಾನಿಸಬೇಕು ಎಂಬುದು. ಈ ವಿಷಯದಲ್ಲಿ ನನ್ನ ಬಳಿ ಇರುವ ಅಳತೆಗಳು ಎರಡೇ, ನನ್ನ ನೆನಪು ಮತ್ತು ನನಗಿಂತ ದೊಡ್ಡವಳಾದ ಅಕ್ಕನ ನೆನಪು. ಅವು ಒಪ್ಪುವುದು ಬಹಳ ಕಡಿಮೆ. ಮಂಚ ತಿರುಗುತ್ತಿತ್ತು ಎಂಬುದನ್ನು ಅಕ್ಕನೂ ಒಪ್ಪುತ್ತಾಳೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ದೊಡ್ಡಗಾಜನೂರಿನ ನಮ್ಮ ಮನೆ ತೊಟ್ಟಿಯ ಮನೆ. ನಡುವೆ ಬಿಸಿಲು ಬೀಳುವ ಅಂಗಳ, ಅದರ ಪಡುವಲಿಗೆ ನಡುಮನೆ, ನಡುಮನೆಯ ಹಿಂದೆ ಹೊಗೆ ಹಿಡಿದ ಅಡುಗೆಮನೆ, ತೆಂಕಲಿಗೆ ದನದ ಕೊಟ್ಟಿಗೆ. ಚಳಿಗಾಲದಲ್ಲಿ ಬೆಟ್ಟದ ಗಾಳಿ ಹೆಂಚಿನ ಸಂದಿಯಲ್ಲೆಲ್ಲ ನುಗ್ಗುತ್ತಿತ್ತು. ಬೆಳಗ್ಗೆ ಅಜ್ಜಿಯ ಲಿಂಗಪೂಜೆ ಮುಗಿಯುವ ತನಕ ಒಲೆಯ ಮೇಲೆ ಎಸರು ಕುದಿಯುತ್ತಿದ್ದರೂ ಯಾರ ತಟ್ಟೆಗೂ ಮುದ್ದೆ ಬೀಳುತ್ತಿರಲಿಲ್ಲ. ನಾವೆಲ್ಲ ಚಾಪೆಯ ಮೇಲೆ ಮಲಗುವವರು. ಅಜ್ಜಿಯೂ ಹಾಗೇ ಮಲಗುತ್ತಿದ್ದಳು, ಅವಳ ಎಡಭಾಗ ಬಿದ್ದುಹೋಗುವ ತನಕ. ಅಜ್ಜಿ ತೂಕದ ಹೆಂಗಸು. ಅವರೆಕಾಯಿ ಸುಲಿಯಲು ಕೂತರೆ ಮೊರದ ಆಚೆ ಈಚೆ ಇಬ್ಬರ ಜಾಗ ಬೇಕಾಗುತ್ತಿತ್ತು. ಅಂಥವಳು ಒಂದು ಬೆಳಗ್ಗೆ ಬಚ್ಚಲಲ್ಲಿ ಕುಸಿದಳು. ಎಡಗೈ, ಎಡಗಾಲು ಅವಳ ಮಾತು ಕೇಳುವುದನ್ನು ಬಿಟ್ಟವು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ.

ಬಿದ್ದ ಕಡೆಯೇ ಬಿದ್ದಿದ್ದರಿಂದ ಅಜ್ಜಿಯ ಬೆನ್ನಿನ ಕೆಳಗೆ ಹುಣ್ಣಾಯಿತು. ತಾಳವಾಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಕಾಂಪೌಂಡರು ಅದನ್ನು ನೋಡಿ ಮೂಗು ಮುಚ್ಚಿಕೊಳ್ಳದೆ ಇದ್ದದ್ದೇ ಅವರ ದೊಡ್ಡತನ. ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸಬೇಕು, ಅದಾಗದಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು ಎಂದರು. ಮಗ್ಗುಲು ಬದಲಾಯಿಸುವುದೆಂದರೆ ದೊಡ್ಡವ್ವ ಮತ್ತು ನಮ್ಮವ್ವ, ಇಬ್ಬರು ಸೊಸೆಯರು, ಆಚೆ ಈಚೆ ನಿಂತು ಏದುಸಿರು ಬಿಡುವುದು. ಒಬ್ಬಳು ಎತ್ತುವಾಗ ಇನ್ನೊಬ್ಬಳ ಕೈ ಜಾರಿಬಿಡುತ್ತಿತ್ತು. ಅಜ್ಜಿ ನೋವಿಗೆ ಬಯ್ಯುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಜೋರಾಗಿ ಸದ್ದು ಮಾಡುತ್ತಿದ್ದವು. ಈ ಕಿತ್ತಾಟ ನೋಡಿ ನೋಡಿ ದೊಡ್ಡಪ್ಪ, ಚಾಮರಾಜನಗರದ ಆಸ್ಪತ್ರೆಗೇ ಸೇರಿಸೋಣ ಎಂಬ ತೀರ್ಮಾನಕ್ಕೆ ಬಂದ. ಅಜ್ಜಿ ಅದನ್ನು ಕೇಳಿಸಿಕೊಂಡಳು.

"ಈ ಮನ ಬಾಗ್ಲ ನಾ ದಾಟದು ಒಂದೇ ಸಲ ಕಣ್ಲಾ. ಅದೂ ಕುಂತ್ಕಂಡು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಮಲಗಿಕೊಂಡು ಜೀಪಿನಲ್ಲಿ ಹೋಗುವುದು ಅಜ್ಜಿಗೆ ಸಾವಿಗಿಂತ ಅವಮಾನದ ಸಂಗತಿಯಾಗಿತ್ತು. ಆಸ್ಪತ್ರೆಗೆ ಹೋದ ತನ್ನ ತಂಗಿ ತಿರುಗಿ ಬರಲಿಲ್ಲ ಎಂಬುದೂ ಅವಳ ಮನಸ್ಸಿನಲ್ಲಿ ಇದ್ದಿರಬೇಕು. ಇದು ನನ್ನ ಊಹೆ, ಅಕ್ಕನಿಗೆ ಹಾಗನ್ನಿಸುವುದಿಲ್ಲ. ದೊಡ್ಡಪ್ಪ ಒಂದು ಗಡುವು ಕೊಟ್ಟ. ಕಾಂಪೌಂಡರು ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಬಂದು ನೋಡಲಿ, ಹುಣ್ಣು ಒಣಗಿರದಿದ್ದರೆ ಊರ ಗೌಡರ ಜೀಪಿಗೆ ಹೇಳುತ್ತೇನೆ ಎಂದ.

ನಮ್ಮಪ್ಪ ಆಗ ಊಟಿಯಲ್ಲಿದ್ದ. ಅಲ್ಲಿನ ಬೆಟ್ಟದ ಇಳಿಜಾರಿನಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ದೊಡ್ಡ ದೂರದರ್ಶಕ ಒಂದಿದೆಯಲ್ಲ, ಅದರ ಯಂತ್ರಗಳಿಗೆ ಎಣ್ಣೆ ಗ್ರೀಸು ಹಾಕುವ, ಬೇರಿಂಗು ಬದಲಾಯಿಸುವ ಫಿಟ್ಟರ್ ಕೆಲಸ ಅವನದು. ರಜೆ ಸಿಕ್ಕಾಗ ಮೇಟುಪಾಳ್ಯ, ಸತ್ಯಮಂಗಲ, ದಿಂಬಂ ಘಾಟಿ ಎಂದು ಬಸ್ಸು ಬದಲಾಯಿಸಿ, ಮೈಯೆಲ್ಲ ಡೀಸೆಲ್ ವಾಸನೆ ತುಂಬಿಕೊಂಡು ಬರುತ್ತಿದ್ದ. ದೂರದರ್ಶಕ ಎಂದರೆ ನಾವು ಕೊಳವೆ ಅಂದುಕೊಂಡಿದ್ದೆವು. ಅದು ಕೊಳವೆಯಲ್ಲ, ಉದ್ದಕ್ಕೆ ಸೀಳಿದ ಬಿದಿರಿನ ದೋಣಿಯಂಥದ್ದು, ಅರ್ಧ ಕಿಲೋಮೀಟರಿಗಿಂತ ಉದ್ದ, ಗೋಪುರಗಳ ಸಾಲಿನ ಮೇಲೆ ಕೂತಿದೆ ಎಂದು ಅಪ್ಪ ವಿವರಿಸುತ್ತಿದ್ದ. ದೋಣಿಯ ಒಳಮೈ ತಗಡಲ್ಲ, ಉದ್ದಕ್ಕೂ ಎಳೆದ ಸಣ್ಣ ಉಕ್ಕಿನ ತಂತಿಗಳು, ಆದ್ದರಿಂದ ಗಾಳಿ ಹಾದುಹೋಗುತ್ತದೆ. ಬೆಳಗ್ಗೆ ಅದು ಮೂಡಲಿಗೆ ಓರೆಯಾಗಿ ನಿಲ್ಲುತ್ತದೆ, ಒಂದು ನಕ್ಷತ್ರವನ್ನು ಹಿಡಿದು ಮೆಲ್ಲನೆ ಪಡುವಲಿಗೆ ಹೊರಳುತ್ತದೆ. ತೆಂಕಲು ಬಡಗಲಿಗೆ ನೋಡಬೇಕಾದರೆ ಕಬ್ಬಿಣವನ್ನು ಅಲುಗಿಸುವುದೇ ಇಲ್ಲ, ತಂತಿಗಳಲ್ಲಿ ಬರುವ ಸಂಕೇತಗಳನ್ನು ಹಿಂದುಮುಂದು ಮಾಡಿ ಅಲ್ಲಿಗೂ ಕಣ್ಣು ಹಾಯಿಸುತ್ತಾರೆ. ಅದು ಇಂಜಿನಿಯರುಗಳ ಕೆಲಸ, ನಮ್ಮದು ಹೊರಳಿಸುವುದು ಮಾತ್ರ ಎನ್ನುತ್ತಿದ್ದ. ಗೋಪುರಗಳೆಲ್ಲ ಒಟ್ಟಿಗೇ ಹೊರಳಬೇಕು, ಒಂದು ಹಿಂದೆ ಬಿದ್ದರೂ ದೋಣಿ ತಿರುಚಿಕೊಳ್ಳುತ್ತದೆ.

ನಾನು ಅದನ್ನು ಒಮ್ಮೆ ನೋಡಿದ್ದೇನೆ. ಚಹಾ ತೋಟದ ಆಚೆ ಚಳಿಯಲ್ಲಿ ನಿಂತು ನೋಡುತ್ತಿದ್ದೆ, ಅದು ಕದಲಲಿಲ್ಲ. ಬೇಜಾರಾಗಿ ಬೇರೆ ಕಡೆ ತಿರುಗಿ, ಮತ್ತೆ ನೋಡಿದಾಗ ಅದರ ಅಂಚು ಮೋಡದ ಮೇಲೆ ಬೇರೆ ಜಾಗದಲ್ಲಿತ್ತು. ಈ ನೆನಪು ನನಗೆ ಎಷ್ಟು ಇಷ್ಟವೆಂದರೆ ಅದೇ ಕಾರಣಕ್ಕೆ ನನಗೆ ಅದರ ಮೇಲೆ ಸಂಶಯ. ಅಪ್ಪ ಊಟಿಗೆ ಕರೆದುಕೊಂಡು ಹೋದದ್ದು ತನ್ನನ್ನು, ನಾನು ಜ್ವರ ಬಂದು ಮನೆಯಲ್ಲಿದ್ದೆ ಎನ್ನುತ್ತಾಳೆ ಅಕ್ಕ. ಇದ್ದರೂ ಇರಬಹುದು.

ಕಾಗದ ತಲುಪಿ ಅಪ್ಪ ಓಡಿ ಬಂದ. ಅಜ್ಜಿಯ ಹುಣ್ಣು ನೋಡಿದ, ಎತ್ತಿ ಹೊರಳಿಸುವ ರಂಪ ನೋಡಿದ, ಊಟ ಮಾಡದೆ ತೊಟ್ಟಿಯಲ್ಲಿ ಅತ್ತಿಂದಿತ್ತ ನಡೆದಾಡಿದ. ಆಮೇಲೆ ಅಜ್ಜಿಯ ಪಕ್ಕ ಬಂದು ಕೂತ.

"ಅವ್ವಾ, ನಿನ್ನ ಎತ್ತಬಾರ್ದು. ಹೊತ್ಕಂಡ್ ತಿರುಗ್ಸೋ ಒಂದು ಮಾಡ್ತೀನಿ. ಊಟೀಲಿರೋ ದೋಣಿ ತೂಕ ಎಷ್ಟು ಗೊತ್ತಾ? ಈ ಕಾಡ್ನ ಆನ ಎಲ್ಲ ಸೇರುದ್ರೂ ಸಮ ಆಗದಿಲ್ಲ. ಅದನ್ನ ತಿರುಗ್ಸದು ಒಲದ ಬಾವಿಗ್ ಇಡ್ತಾರಲ್ಲ, ಅಂತ ಮೋಟರು. ಯಾಕೇಳು? ಮ್ಯಾಲಿನ್ ತೂಕ, ಕೆಳಗಿನ್ ತೂಕ ಸಮ ಮಾಡವ್ರ. ಸಮ ಆದ್ರ ಒಂದು ಬೆರಳು ಸಾಕು."

"ಈಗ ನನ್ನ ತೊಟ್ಲಿಗ್ ಆಕ್ತೀಯೇನ್ಲಾ ಮಾದಾ?" ಎಂದಳು ಅಜ್ಜಿ.

"ಊಂ ಕಣವ್ವ, ತೊಟ್ಲೇ ಅನ್ಕ."

"ಲಾಲಿ ಯಾವನ್ ಆಡನು?"

ಮರುದಿನದಿಂದ ತೊಟ್ಟಿ ಕಾರ್ಖಾನೆಯಾಯಿತು. ತಾಳಮಲೆ ಕಡೆಯಿಂದ ಬಿದಿರು ಬಂತು. ಹಳೆಯ ಗಾಡಿಚಕ್ರದ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಅರ್ಧಕ್ಕೆ ಕಡಿಸಿ ಎರಡು ಕಮಾನು ಮಾಡಿಸಿದ. ಆ ಕಮಾನುಗಳಿಗೆ ಬಿದಿರಿನ ಸೀಳುಗಳನ್ನು ಉದ್ದಕ್ಕೆ ಬಿಗಿದು, ಮೇಲೆ ಹುಲ್ಲು, ಕಂಬಳಿ ಹಾಸಿದರೆ ಆಳುದ್ದದ ದೋಣಿಯಾಯಿತು. ನಡುಮನೆಯಲ್ಲಿ, ಅಂಗಳದ ಅಂಚಿಗೆ, ತಲೆಯ ಕಡೆ ಒಂದು ಕಂಬ, ಕಾಲಿನ ಕಡೆ ಒಂದು ಕಂಬ, ನಡುವೆ ದೋಣಿ ತೂಗುಬಿದ್ದು ಮಗ್ಗುಲಿಂದ ಮಗ್ಗುಲಿಗೆ ಹೊರಳುವ ಹಾಗೆ ಎರಡು ಬೇರಿಂಗು. ನಡುವೆ ಒಂದು ದಿನ ಮೇಟುಪಾಳ್ಯಕ್ಕೆ ಹೋಗಿ ಕೊಂಡು ತಂದಿದ್ದ ಸಣ್ಣ ಗೇರ್ ಬಾಕ್ಸ್ ಒಂದು ಗೋಣಿಚೀಲದಲ್ಲಿ ಕಾಯುತ್ತಿತ್ತು. ದೊಡ್ಡಪ್ಪ ಅದನ್ನು ಕಾಲಿನಲ್ಲಿ ತಳ್ಳಿ ನೋಡಿದ.

"ಇದ ಅಲ್ಲಿಂದ ಎತ್ಕಂಡ್ ಬಂದ್ಯೇನ್ಲಾ? ಆಕಾಸ ನಿಂತ್ಕಬುಟ್ಟದ್ದು ಕಣ್ಲಾ!"

"ಪಳೇ ಇರುಂಬು ಅಂಗ್ಡೀದು ಕಣಣ್ಣ," ಎಂದ ಅಪ್ಪ, ಹಳೆ ಕಬ್ಬಿಣದವನು ಹೇಳಿದ ತಮಿಳಿನಲ್ಲೇ. "ಅಲ್ಲೀದು ತಂದಿದ್ರ ನಮ್ಮನ ಬಾಗ್ಲಲ್ಲಿ ತೂರ್ಸಕ್ಕೂ ಆಗ್ತಿರ್ನಿಲ್ಲ."

ಎಲ್ಲ ನಿಂತ ಮೇಲೆ ಮೊದಲ ಜಗಳ. ದೂರದರ್ಶಕ ಕೂತಿರುವ ಬೆಟ್ಟದ ಇಳಿಜಾರು ಬೇಕೆಂದೇ ಹುಡುಕಿ ಆರಿಸಿದ್ದು. ಬಡಗಲ ತುದಿ ಎತ್ತರ, ತೆಂಕಲ ತುದಿ ತಗ್ಗು, ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗೆ ಚಾಚಿದೆ. ಹಾಗಿದ್ದುದರಿಂದಲೇ ಒಂದೇ ಒಂದು ಹೊರಳು ಸಾಕು, ಭೂಮಿ ತಿರುಗಿದ ಹಾಗೆಲ್ಲ ಅದು ಎದುರು ತಿರುಗಿ ನಕ್ಷತ್ರವನ್ನು ಬಿಡದೆ ಹಿಡಿಯುತ್ತದೆ. ಅಪ್ಪ ವರ್ಷಗಟ್ಟಲೆ ನೋಡಿದ್ದು ಅದೊಂದನ್ನೇ. ತಿರುಗುವ ವಸ್ತು ಎಂದರೆ ಹಾಗೇ ಇರಬೇಕು ಎಂದು ಅವನ ಕೈಗೆ ಅಭ್ಯಾಸವಾಗಿಹೋಗಿತ್ತು. ತಲೆಯ ಕಡೆಯ ಕಂಬವನ್ನು ಒಂದಿಷ್ಟು ಎತ್ತರ ಮಾಡಿ ಬಡಗಲಿಗೆ ನೆಟ್ಟಿದ್ದ. ದೊಡ್ಡವ್ವ ಸಗಣಿ ಕೈಯಲ್ಲೇ ಕೊಟ್ಟಿಗೆಯಿಂದ ಬಂದು ನೋಡಿದಳು.

"ತಲ ಯಾವ್ ಕಡಗ ಬತ್ತದಪ್ಪ?"

"ಇತ್ತಗ ಅತ್ಗಮ್ಮ, ಎತ್ರ ಇದ್ದದಲ್ಲ, ಈ ಕಡಗ."

"ಬಡಗ್ಲಿಗಾ? ಬಡಗ್ಲಿಗ್ ತಲ ಆಕ್ಸಿ ಮಲುಗ್ಸಕ್ಕ ನಮ್ಮತ್ತೆ ಇನ್ನೂ ಬದುಕವ್ಳ ಕಣಪ್ಪ!"

ಅಪ್ಪ ಧ್ರುವ ನಕ್ಷತ್ರದ ವಿಷಯ ಹೇಳಿದ. ಇಳಿಜಾರಿನ ವಿಷಯ ಹೇಳಿದ. ಕಂಬ ತಿರುಗಿಸಿ ನೆಟ್ಟರೆ ಅಕ್ಷ ನೆಲದ ಕಡೆ ನೋಡುತ್ತದೆ, ಹೊರಳಿಸಿದರೂ ಸೂರ್ಯನ ದಾರಿ ತಪ್ಪುತ್ತದೆ ಎಂದು ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ. ಸಾಮಾನ್ಯವಾಗಿ ದೊಡ್ಡವ್ವನ ಎದುರು ನಿಲ್ಲುವ ನಮ್ಮವ್ವ ಅವತ್ತು ಅವಳ ಪಕ್ಕಕ್ಕೆ ಹೋಗಿ ನಿಂತಳು. ಚಾಪೆಯ ಮೇಲಿಂದ ಅಜ್ಜಿ ಕೂಗಿದಳು.

"ಲೋ ಮಾದಾ, ಸೂರ್ಯನ್ನ ಅಟ್ಟಿಸ್ಕ ಓಗಕ್ಕ ನಂಗೇನ್ ಕೆಲ್ಸ? ಬೆನ್ನು ಒಣಗುದ್ರ ಸಾಕು. ತಿರುಗ್ಸಿ ನೆಡ್ಲಾ."

ಸೂರ್ಯನನ್ನು ಹಿಂಬಾಲಿಸುವುದು ಇಲ್ಲಿ ಯಾರಿಗೂ ಬೇಕಿರಲಿಲ್ಲ ಎಂಬುದು ಅಪ್ಪನಿಗೆ ಆಗ ಹೊಳೆದಿರಬೇಕು. ಮೈ ಹೊರಳಿಸಲು ಯಾವ ದಿಕ್ಕಾದರೂ ಆದೀತು. ಕಂಬ ಕಿತ್ತು, ತಲೆಯನ್ನು ತೆಂಕಲಿಗೆ ಮಾಡಿದ. ನಾನು ಈಗಲೂ ಯಾವ ಲೆಕ್ಕ ಮಾಡಲು ಕೂತರೂ, ಇದು ನನಗೆ ಬೇಕಾದ ಪ್ರಶ್ನೆಯೋ ಅಥವಾ ನನ್ನ ಕೈಗೆ ಅಭ್ಯಾಸವಾದ ಪ್ರಶ್ನೆಯೋ ಎಂದು ಕೇಳಿಕೊಳ್ಳುತ್ತೇನೆ. ಆ ಚಾಳಿ ಬಂದದ್ದು ಅಲ್ಲಿಂದಲೇ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ನಿಜವೋ ಏನೋ.

ಆಮೇಲೆ ತೂಕ ಸಮ ಮಾಡುವ ಕೆಲಸ. ಗೇರ್ ಬಾಕ್ಸ್ ಜೋಡಿಸುವ ಮೊದಲೇ ಇದು ಆಗಬೇಕು, ಇಲ್ಲದಿದ್ದರೆ ಗೇರಿನ ಹಲ್ಲುಗಳು ತೂಕವನ್ನೆಲ್ಲ ಹೊತ್ತು ಸವೆಯುತ್ತವೆ ಎಂದ ಅಪ್ಪ. ಅಜ್ಜಿಯ ಬದಲಿಗೆ ರಾಗಿ ಮೂಟೆ ಹಾಕಿದ. ಮೂಟೆಯ ತೂಕ ಸಾಲದೆ ಅದರ ಮೇಲೆ ನನ್ನನ್ನು ಮಲಗಿಸಿದ. ದೋಣಿಯನ್ನು ಬಿಟ್ಟರೆ ಅದು ಒಂದು ಮಗ್ಗುಲಿಗೆ ವಾಲುತ್ತಿತ್ತು, ಅದರ ಎದುರು ಅಂಚಿಗೆ ಕಲ್ಲು ಕಟ್ಟುತ್ತಿದ್ದ. ಮತ್ತೆ ಬಿಡುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ನನಗೆ ಸುಮ್ಮನೆ ಮಲಗಿರಲು ಬಾರದು. ಮೂಗು ತುರಿಸಿದರೂ ದೋಣಿ ಕದಲುತ್ತಿತ್ತು.

"ಅಲ್ಲಾಡ್ಬ್ಯಾಡ ಕಣ್ಲಾ ಬಡ್ಡೆತ್ತದೆ! ಊಟಿ ದೋಣೀಲಿ ಒಂದು ಕಾಗ ಕುಂತ್ರೂ ಓಡುಸ್ತಾರ!"

ಕೊನೆಗೊಮ್ಮೆ ಅಪ್ಪ ಕಿರುಬೆರಳಿನಲ್ಲಿ ತಳ್ಳಿದ, ನಾನು ಮೂಟೆಯ ಸಮೇತ ಹೊರಳಿದೆ. ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಂತಿತು. ಅಂಗಳದ ಆಕಾಶ ಓರೆಯಾಗಿ ಜಾರಿ ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಇದರ ಬಗ್ಗೆ ಅಕ್ಕ ಏನು ಹೇಳಿದರೂ ಕೇಳುವವನಲ್ಲ ನಾನು.

ಮಾರನೆಯ ಬೆಳಗ್ಗೆ ನಾಲ್ವರು ಸೇರಿ ಅಜ್ಜಿಯನ್ನು ದೋಣಿಗೆ ಹಾಕಿದರು. ಏನಾದರೂ ಆದರೆ ಇರಲಿ ಎಂದು ದೊಡ್ಡಪ್ಪ ಅಂಚಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದ. ಅಪ್ಪ ಕೈ ಬಿಟ್ಟ. ದೋಣಿ ಒಂದು ಕ್ಷಣ ನಿಂತು, ಸರಕ್ಕನೆ ಎಡಕ್ಕೆ ಉರುಳಿತು. ಹಗ್ಗ ಬಿಗಿದು ದೊಡ್ಡಪ್ಪನ ಅಂಗೈ ಚರ್ಮ ಕಿತ್ತುಬಂತು. ಅಜ್ಜಿ ಅಂಚಿಗೆ ಜಾರಿ, ಇನ್ನೇನು ಬೀಳಬೇಕು, ನಮ್ಮವ್ವ ಮಂಡಿಯೂರಿ ಎದೆ ಕೊಟ್ಟು ತಡೆದಳು.

"ಕೊಂದೇಬುಡ್ತಿದ್ದಲ್ಲೋ!" ಎಂದು ದೊಡ್ಡಪ್ಪ ಗರ್ಜಿಸಿದ. "ನಾಳೀಕೇ ಜೀಪು ಏಳ್ತೀನಿ. ಇವ್ನ ಆಟ ಮುಗೀತು."

ಅಪ್ಪ ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿದ, ಗಂಟುಗಳನ್ನು ನೋಡಿದ, ಏನೂ ಸಡಿಲವಾಗಿರಲಿಲ್ಲ. ಊಟಿಯ ಕಬ್ಬಿಣದ ದೋಣಿಯಲ್ಲಿ ಒಳಗಿನದು ಯಾವುದೂ ಜಾರುವುದಿಲ್ಲ. ರಾಗಿ ಮೂಟೆಯಲ್ಲೂ ಜಾರಲಿಲ್ಲ. ಉತ್ತರ ಕೊಟ್ಟವಳು ಅಜ್ಜಿಯೇ, ಉಸಿರು ಎಳೆದುಕೊಳ್ಳುತ್ತಾ.

"ಜಾರುದ್ದು ನನ್ನ ಎಡಗೈ ಕಣ್ಲಾ. ಅದು ನನ್ನ ಮಾತ ಕೇಳ್ದು, ನಿನ್ನ ಮಾತ ಕೇಳ್ತದಾ? ಅದರ ಇಂದಿಂದೇ ನಾನೂ ಜಾರ್ದಿ. ಸೀರ ತಂದು ಕಟ್ಟು ಅದ. ಕಾಲ್ಗೂ ದಿಂಬಿಡು. ಆಮ್ಯಾಕ ನೋಡಮು."

"ಅವ್ವಾ, ಸಾಕು ಬುಡು," ಎಂದ ದೊಡ್ಡಪ್ಪ.

"ನೀ ಅಗ್ಗ ಇಡ್ಕ ನಿಂತ್ಕ ಶಿವಣ್ಣ. ಚೆಂದಾಗ್ ಇಡ್ದಿದ್ದೆ."

ಹರಕು ಸೀರೆಯಲ್ಲಿ ಎಡಗೈಯನ್ನು ಹೊಟ್ಟೆಗೆ ಕಟ್ಟಿದರು. ಸೊಂಟಕ್ಕೆ ಒಂದು ಅಗಲ ಪಟ್ಟಿ, ಎಡಗಾಲಿನ ಪಕ್ಕ ದಿಂಬು. ಈ ಸಲ ಅಪ್ಪ ಕಲ್ಲು ಕಟ್ಟಿದ್ದು ಅಜ್ಜಿಯನ್ನೇ ತೂಗಿ. ಎಲ್ಲಿ ವಾಲುತ್ತದೆ ಎಂದು ಅವಳೇ ಹೇಳುತ್ತಿದ್ದಳು, ಅವನು ಕಟ್ಟುತ್ತಿದ್ದ. ಸಮ ಬಂದ ಮೇಲೆ ತಲೆಯ ಕಂಬಕ್ಕೆ ಗೇರ್ ಬಾಕ್ಸ್ ಕೂರಿಸಿ, ಅಲ್ಲಿಂದ ಸೈಕಲ್ ಚೈನು ಎಳೆದು, ಅಜ್ಜಿಯ ಬಲಗೈಗೆ ಎಟುಕುವ ಗೂಟದ ಮೇಲೆ ಒಂದು ಹ್ಯಾಂಡಲ್ ಇಟ್ಟ. ಆ ಗೇರಿನ ಗುಣವೇನೆಂದರೆ ಹ್ಯಾಂಡಲ್ ತಿರುಗಿಸಿದರೆ ದೋಣಿ ಹೊರಳುತ್ತದೆ, ದೋಣಿಯನ್ನು ಎಷ್ಟು ನೂಕಿದರೂ ಹ್ಯಾಂಡಲ್ ತಿರುಗುವುದಿಲ್ಲ. ಕೈ ಬಿಟ್ಟಲ್ಲೇ ನಿಲ್ಲುತ್ತದೆ. ಇಷ್ಟಾದರೂ ಅಜ್ಜಿ ಕೆಮ್ಮಿದಾಗಲೆಲ್ಲ ಹಲ್ಲುಗಳ ನಡುವಿನ ಸಣ್ಣ ಸಡಿಲದಲ್ಲಿ ದೋಣಿ ಟಕ್ ಎಂದು ಅಲುಗಿ ಹುಣ್ಣಿಗೆ ನೋವಾಗುತ್ತಿತ್ತು. ಅಪ್ಪ ಒಂದು ದಿನ ಯೋಚಿಸಿ, ದೋಣಿಯ ಒಂದೇ ಅಂಚಿಗೆ ಒರಳಿನ ಗುಂಡುಕಲ್ಲನ್ನು ನೇತುಹಾಕಿದ. ಹಲ್ಲುಗಳು ಯಾವಾಗಲೂ ಒಂದೇ ಕಡೆಗೆ ಒತ್ತಿಕೊಂಡಿದ್ದರೆ ಸಡಿಲ ಎಲ್ಲಿ ಉಳಿಯಬೇಕು? ಅಲುಗುವುದು ನಿಂತಿತು. ದೊಡ್ಡ ದೂರದರ್ಶಕಗಳಲ್ಲೂ ಹೀಗೆ ಎದುರುಬದುರು ಎಳೆದು ಹಲ್ಲಿನ ಸಡಿಲ ತೆಗೆಯುತ್ತಾರೆ ಎಂದು ಬಹಳ ಕಾಲದ ಮೇಲೆ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಸುತ್ತಾಡಿ ಬಂದೆ. ಗುಂಡುಕಲ್ಲು ದೋಣಿಗೆ ಹೋದ ದಿನ ಮಾತ್ರ ಮನೆಯಲ್ಲಿ ಚಟ್ನಿ ಇರಲಿಲ್ಲ.

ಅಪ್ಪನ ರಜೆ ಮುಗಿದಿತ್ತು. ಇನ್ನೂ ಕೆಲವು ದಿನ ಬೇಕೆಂದು ತಂತಿ ಕಳಿಸಿ ಉಳಿದುಕೊಂಡ. ಮನೆಯ ಹೊತ್ತು ಅಜ್ಜಿಯ ಹೊರಳಿನ ಮೇಲೆ ನಡೆಯತೊಡಗಿತು. ಬೆಳಗಿನ ಬಿಸಿಲಿಗೆ ಅವಳು ಅಂಗಳದ ಕಡೆ ಹೊರಳಿ, ಕೈಯ ಕಟ್ಟು ಬಿಚ್ಚಿಸಿಕೊಂಡು, ಬಲಗೈಯಿಂದ ಎಡ ಅಂಗೈಯನ್ನು ಬಟ್ಟಲಾಗಿ ಹಿಡಿದು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಅಡುಗೆಮನೆಯ ಕಡೆ ಹೊರಳಿ ಸೊಸೆಯರ ಸಾರಿಗೆ ಉಪ್ಪು ಹೇಳುತ್ತಿದ್ದಳು. ಮೊದಮೊದಲು ಹ್ಯಾಂಡಲ್ ತಿರುಗಿಸಿದ್ದು ದೊಡ್ಡವ್ವ ಎನ್ನುತ್ತಾಳೆ ಅಕ್ಕ. ನನ್ನ ಕಿವಿಯಲ್ಲಿ ಉಳಿದಿರುವುದು ಮಾತ್ರ ಅಜ್ಜಿಯ ಬಳೆ ಹ್ಯಾಂಡಲ್ಲಿಗೆ ತಾಗುವ ಸದ್ದು. ಸೊಸೆಯರ ನಡುವೆ ಜಗಳಕ್ಕೆ ಕಾರಣ ಸಿಗದೆ ಇಬ್ಬರೂ ಕೂಡಿ ಅವರೆಕಾಯಿ ಸುಲಿದರು. ಅದು ಎಲ್ಲಕ್ಕಿಂತ ನಂಬಲಾಗದ ಸಂಗತಿ.

ಅಮಾವಾಸ್ಯೆ ಬಂತು, ಕಾಂಪೌಂಡರೂ ಬಂದರು. ದೋಣಿಯ ಸುತ್ತ ಒಂದು ಸುತ್ತು ಬಂದು, ಪಟ್ಟಿ ಬಿಚ್ಚಿ ನೋಡಿದರು. ಹುಣ್ಣಿನ ಅಂಚು ಒಣಗಿತ್ತು. ನಡುವೆ ಇನ್ನೂ ಕೆಂಪಾಗಿತ್ತು. ವಾಸಿಯಾಗುತ್ತಿದೆ, ಪೂರ್ತಿ ಆಗಿಲ್ಲ ಎಂದು ಹೇಳಿ ಮಜ್ಜಿಗೆ ಕುಡಿದು ಹೋದರು. ಆ ಒಂದು ಮಾತು ಸಾಕಾಯಿತು. ಪೂರ್ತಿ ಆಗಿಲ್ಲ ಎಂದು ದೊಡ್ಡಪ್ಪ ಹಿಡಿದ, ಆಗುತ್ತಿದೆ ಎಂದು ಅಪ್ಪ ಹಿಡಿದ. ಇಬ್ಬರೂ ದೋಣಿಯ ಪಡುವಲ ಪಕ್ಕದಲ್ಲಿ ನಿಂತಿದ್ದರು, ಅಜ್ಜಿ ಅವರ ಮೊಣಕೈ ಕೆಳಗೆ ಮಲಗಿದ್ದಳು.

"ಒಣಗಿದ್ರ ಇರ್ಲಿ ಅಂತ ನಾ ಅಂದಿದ್ದಿ. ಒಣಗ್ನಿಲ್ಲ. ಗೌಡ್ರ ಜೀಪು ನಾಳೀಕ್ ಬತ್ತದ."

"ಒಣಗ್ತಾ ಅದಲ್ಲ ಅಣ್ಣ! ನನ್ ಮಂಚ ಕೆಲ್ಸ ಮಾಡ್ತಾ ಅದ. ಇನ್ನೊಂದು ತಿಂಗ್ಳು ಬುಡು."

"ನಿನ್ ಮಂಚ! ನೀ ಊಟೀಗ್ ಓದ್ ಮ್ಯಾಲ ಈ ಗೇರು ಮುರುದ್ರ ನೋಡರ್ಯಾರು? ಹೊರೋನು ನಾನು ಕಣ್ಲಾ."

"ಅದಕ್ಕೇ ಆಸ್ಪತ್ರಿಗ್ ಎಸೀತೀಯಾ?"

ಹೀಗೆ ಅವರ ಮಾತು ಏರುತ್ತಿರುವಾಗ ಕಿರ್ರ್ ಎಂಬ ಸದ್ದು ಕೇಳಿಸಿತು. ಯಾರೂ ಗಮನಿಸಲಿಲ್ಲ. ಸದ್ದು ನಿಲ್ಲಲೂ ಇಲ್ಲ. ಅಜ್ಜಿಯ ಮುಖ ಮೆಲ್ಲಗೆ ಅಂಗಳದ ಕಡೆಗೆ ಸರಿಯಿತು, ಆಮೇಲೆ ಭುಜ, ಆಮೇಲೆ ಬಿದಿರಿನ ಅಂಚು ಏರಿ ಏರಿ ಇಬ್ಬರು ಗಂಡುಮಕ್ಕಳ ಎದುರು ಗೋಡೆಯಂತೆ ನಿಂತಿತು. ಅವರಿಗೆ ಕಂಡದ್ದು ದೋಣಿಯ ಬೆನ್ನು, ಕಲ್ಲುಗಳು, ಗಂಟುಗಳು.

"ಈಗ ಮಾತಾಡ್ಕಳಿ," ಎಂದಳು ಅಜ್ಜಿ ಆಚೆಯಿಂದ.

ಅಪ್ಪ ಹಿಂದಕ್ಕೆ ಸರಿದ. ದೊಡ್ಡಪ್ಪ ಸರಿಯುವವನಲ್ಲ. ಹೇಳಬೇಕಾದ್ದನ್ನು ಮುಖ ನೋಡಿಯೇ ಹೇಳಬೇಕೆಂದು ದೋಣಿಯನ್ನು ಬಳಸಿ ಅಂಗಳದ ಕಡೆಗೆ ಹೋದ. ಅವನು ಅಲ್ಲಿಗೆ ಹೋಗಿ ಪಂಚೆ ಸರಿಮಾಡಿಕೊಂಡು ನಿಲ್ಲುವಷ್ಟರಲ್ಲಿ ಕಿರ್ರ್ ಎನ್ನುವ ಸದ್ದು ಮತ್ತೆ ಶುರುವಾಗಿತ್ತು. ಮುಖ ಅವನಿಂದ ಜಾರಿ ಹೆಂಚಿನ ಕಡೆಗೆ, ಅಲ್ಲಿಂದ ಅಡುಗೆಮನೆಯ ಕಡೆಗೆ ಹೋಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ನಮ್ಮವ್ವ ಸೆರಗು ಬಾಯಿಗೆ ತುರುಕಿಕೊಂಡಳು. ದೊಡ್ಡಪ್ಪ ತಿರುಗಿ ಈಚೆಗೆ ಬಂದ. ಅಜ್ಜಿ ಆಚೆಗೆ ಹೊರಟಳು. ಅಕ್ಕನ ಪ್ರಕಾರ ಇದು ಒಂದೇ ಸಲ ನಡೆದದ್ದು, ನನ್ನ ಪ್ರಕಾರ ದೊಡ್ಡಪ್ಪ ಅಂಗಳಕ್ಕೂ ನಡುಮನೆಗೂ ಬೆವರು ಬರುವ ತನಕ ತಿರುಗಿದ. ಕೊನೆಗೆ ಅವನು ಕಾಲಿನ ಕಡೆಯ ಕಂಬಕ್ಕೆ ಒರಗಿ, ಅವಳ ಪಾದದ ಹತ್ತಿರ ಕುಕ್ಕರಗಾಲಲ್ಲಿ ಕೂತ.

"ಆಯ್ತು ಕಣವ್ವ. ಜೀಪು ಬ್ಯಾಡ ಅಂತೀನಿ. ಈ ಗೇರಿಗ್ ಎಣ್ಣ ಎಲ್ಲಿ ಬುಡ್ಬೇಕು ಅಂತ ಅವ್ನ ಕೇಳ್ಕತೀನಿ. ನಿಲ್ಸು ಅದ."

ಹ್ಯಾಂಡಲ್ ನಿಂತಿತು. ಅಜ್ಜಿ ಅಂಗಾತ ಮಲಗಿ, ಹೆಂಚಿನ ಸಂದಿಯ ಬೆಳಕು ನೋಡುತ್ತಾ, "ಎಣ್ಣ ಅಲ್ಲ ಕಣ್ಲಾ, ಗ್ರೀಸು," ಎಂದಳು.